ಮರಣಪತ್ರದಲ್ಲಿ ಬರೆಯದೆ ಬಿಟ್ಟ ಹೆಸರು

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದಲ್ಲಿ, ದುಡಿಮೆಯ ವೇಳೆಯಲ್ಲಿ ಗಾಯಗೊಂಡ ಕಾರ್ಮಿಕರ ಚಿಕಿತ್ಸೆಯ ವೆಚ್ಚವನ್ನೂ ಪರಿಹಾರದ ಹಣವನ್ನೂ ಕೊಡುವ ಹೊಣೆಯನ್ನು ಬಹುಮಟ್ಟಿಗೆ ಸರ್ಕಾರದ ಕಾರ್ಮಿಕ ಇಲಾಖೆಯೇ ಹೊತ್ತಿರುವುದರಿಂದ, ಮರ ಕಡಿಯುವವನ ಮುರಿದ ತೋಳಿನಿಂದ ಹಿಡಿದು ಮೂಟೆ ಹೊತ್ತವನ ಉಳುಕಿದ ಸೊಂಟದವರೆಗೆ ನಾನಾ ಬಗೆಯ ನೋವಿನ ಕಡತಗಳು ಒಲಿಂಪಿಯಾ ನಗರದ ಪಕ್ಕದಲ್ಲಿರುವ ಒಂದೇ ಕಚೇರಿಗೆ ಬಂದು ಸೇರುತ್ತವೆ. ಹಿಂದಿನ ಶತಮಾನ ಮುಗಿದು ಹೊಸದು ಕಣ್ದೆರೆಯುತ್ತಿದ್ದ ದಿನಗಳಲ್ಲಿ ಆ ಕಚೇರಿಯ ಔಷಧತಜ್ಞೆ ಜೇಮಿ ಮಾಯ್ ಅವರಿಗೆ ಆ ಕಡತಗಳಲ್ಲಿ ಒಂದು ವಿಪರೀತ ಕಾಣಿಸಿತು. ಬೆನ್ನು ಉಳುಕಿತೆಂದೋ ಭುಜ ಹಿಡಿದುಕೊಂಡಿತೆಂದೋ ವೈದ್ಯರ ಬಳಿಗೆ ಹೋಗಿದ್ದ, ಗಾಯದ ದೃಷ್ಟಿಯಿಂದ ಕೆಲವೇ ವಾರಗಳಲ್ಲಿ ಗುಣವಾಗಿ ಕೆಲಸಕ್ಕೆ ಮರಳಬೇಕಾಗಿದ್ದ ಜನರು, ವರ್ಷಾನುಗಟ್ಟಲೆ ನೋವಿನ ಮಾತ್ರೆಗಳನ್ನು ನುಂಗುತ್ತ, ಮಾತ್ರೆಯ ಪ್ರಮಾಣ ಏರುತ್ತ ಏರುತ್ತ, ಕಡೆಗೆ ಸತ್ತೇಹೋಗುತ್ತಿದ್ದರು. ಬೆನ್ನು ಉಳುಕಿದ್ದರಿಂದ ಯಾರೂ ಸಾಯುವುದಿಲ್ಲ. ಮಾಯ್ ಅವರೂ ಇಲಾಖೆಯ ವೈದ್ಯಕೀಯ ನಿರ್ದೇಶಕರಾದ ಗ್ಯಾರಿ ಫ್ರಾಂಕ್ಲಿನ್ ಅವರೂ ಸಂಗಡಿಗರೊಡನೆ ಮರಣದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, 1995ರಿಂದ 2002ರ ಒಳಗೆ 32 ಮಂದಿ ಕಾರ್ಮಿಕರು ಅಫೀಮುಜನ್ಯ ನೋವುನಿವಾರಕಗಳ ಮಿತಿಮೀರಿದ ಸೇವನೆಯಿಂದ ನಿಶ್ಚಯವಾಗಿಯೋ ಸಂಭಾವ್ಯವಾಗಿಯೋ ಸತ್ತಿದ್ದಾರೆಂಬ ನಿರ್ಣಯಕ್ಕೆ ಬಂದರು. ಅವರ ಪ್ರಬಂಧ 2005ರಲ್ಲಿ ಪ್ರಕಟವಾಯಿತು.

ಮೂವತ್ತೆರಡು ಎಂಬುದು ಆ ದೊಡ್ಡ ದೇಶದ ಪಾಲಿಗೆ ಗಣನೆಗೆ ಬಾರದ ಸಂಖ್ಯೆಯೆಂದು ಆಗ ಅನೇಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಎಣಿಸಿದವರಿಗೆ ಹಾಗೆ ತೋರಲಿಲ್ಲ. ಕೇವಲ ಮದ್ದಿನ ಪ್ರಮಾಣವನ್ನೇ ಕಾರಣವಾಗಿ ತೆಗೆದುಕೊಂಡು ವೈದ್ಯರ ಮೇಲೆ ಶಿಸ್ತುಕ್ರಮ ಜರುಗಿಸತಕ್ಕದ್ದಲ್ಲವೆಂಬ ನಿಯಮವನ್ನು 1999ರಲ್ಲಿ ಮಾಡಿಕೊಂಡಿದ್ದ ಆ ರಾಜ್ಯವೇ, 2007ರಲ್ಲಿ, ದಿನವೊಂದಕ್ಕೆ 120 ಮಿಲಿಗ್ರಾಂ ಮಾರ್ಫೀನಿಗೆ ಸಮನಾದ ಮಟ್ಟವನ್ನು ದಾಟುವ ಮುನ್ನ ನೋವುತಜ್ಞರ ಅಭಿಪ್ರಾಯವನ್ನು ಪಡೆಯಬೇಕೆಂಬ ಮಾರ್ಗಸೂಚಿಯನ್ನು ಹೊರಡಿಸಿತು. ಅಮೆರಿಕದ ಉಳಿದ ಭಾಗಗಳು ಈ ವಿಷಯದಲ್ಲಿ ಎಚ್ಚರಗೊಳ್ಳುವುದಕ್ಕೆ ಇನ್ನೂ ಅನೇಕ ವರ್ಷಗಳು ಬೇಕಾದವು.

ಅಮೆರಿಕದ ಈ ಮಹಾಮಾರಿಯ ಕಥೆಯನ್ನು ಔಷಧ ಕಂಪನಿಗಳ ಲೋಭದ ಕಥೆಯೆಂದು ಬಹಳ ಮಂದಿ ಬರೆದಿದ್ದಾರೆ. ಅದು ನಿಜವೂ ಹೌದು. ಅದರ ಒಳಗೇ ಅಡಗಿರುವ ಮತ್ತೊಂದು ಕಥೆಯು, ಸತ್ತವರನ್ನು ಎಣಿಸುವ ಕೆಲಸದಲ್ಲಿ ತೊಡಗಿದ್ದ ಗುಮಾಸ್ತರ, ದಾದಿಯರ, ಶವಪರೀಕ್ಷಕರ, ಅಂಕಿ-ಅಂಶ ತಜ್ಞರ ಕಥೆಯು, ಅಷ್ಟಾಗಿ ಜನರ ಕಿವಿಗೆ ಬಿದ್ದಿಲ್ಲ. ವಿಪತ್ತಿನ ಗುರುತುಗಳು ಮೊದಲಿನಿಂದಲೂ ಎಲ್ಲೋ ಒಂದು ಕಡತದಲ್ಲಿ ಬರೆದಿದ್ದುವೆಂಬುದೂ, ಒಂದೊಂದು ಕಚೇರಿಯು ತನ್ನ ತನ್ನ ಕೆಲಸಕ್ಕಾಗಿ ಮಾತ್ರ ಅವನ್ನು ಇಟ್ಟುಕೊಂಡು, ಎಲ್ಲವನ್ನೂ ಒಟ್ಟಿಗೆ ಓದುವ ಹೊಣೆ ಯಾರಿಗೂ ಇಲ್ಲದೆ ಹೋದದ್ದರಿಂದ ಲಕ್ಷಾಂತರ ಜನರ ಪ್ರಾಣಕ್ಕೆ ಎರವಾಯಿತೆಂಬುದೂ ಈ ವಿಷಯವನ್ನು ಓದುತ್ತ ಹೋದಂತೆಲ್ಲ ನನಗೆ ದೃಢವಾಗುತ್ತ ಬಂದಿದೆ.

ಸಂಖ್ಯೆಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಲ್ಲ ಬಗೆಯ ಮಾದಕಗಳನ್ನೂ ಸೇರಿಸಿದರೆ, ಮಿತಿಮೀರಿದ ಸೇವನೆಯಿಂದ ಅಮೆರಿಕದಲ್ಲಿ 1999ರಲ್ಲಿ ಸತ್ತವರು 16,849 ಮಂದಿ, 2017ರಲ್ಲಿ 70,237, 2021ರಲ್ಲಿ 1,06,699, 2022ರಲ್ಲಿ 1,07,941. ಇವರಲ್ಲಿ ಅಫೀಮುಜನ್ಯ ಮದ್ದುಗಳಿಂದ ಸತ್ತವರನ್ನಷ್ಟೇ ತೆಗೆದುಕೊಂಡರೂ 1999ರಿಂದ 2023ರವರೆಗಿನ ಮೊತ್ತ ಸುಮಾರು ಎಂಟು ಲಕ್ಷವಾಗುತ್ತದೆ. ಗಸಗಸೆಯ ಕಾಯಿಯಿಂದ ಬಂದ ಮಾರ್ಫೀನಾಗಲಿ, ಅದರಿಂದ ಮಾಡಿದ ಹೆರಾಯಿನ್ ಆಗಲಿ, ಪ್ರಯೋಗಶಾಲೆಯಲ್ಲಿಯೇ ಹುಟ್ಟಿದ ಫೆಂಟನಿಲ್ ಆಗಲಿ, ನೋವನ್ನು ಅಡಗಿಸುವ ಶಕ್ತಿಯಿಂದಲೇ ಮಿದುಳಿನ ಬುಡದಲ್ಲಿದ್ದು ಉಸಿರಾಟವನ್ನು ನಡೆಸುವ ಭಾಗವನ್ನೂ ಅಡಗಿಸುತ್ತವೆ. ಸಾಯುವವನು ಒದ್ದಾಡುವುದಿಲ್ಲ, ಕೂಗುವುದಿಲ್ಲ, ಗೊರಕೆಯಂಥ ಸದ್ದು ಮಾಡುತ್ತ ತುಟಿ ನೀಲಿಗಟ್ಟಿ ನಿದ್ದೆಯಲ್ಲಿಯೇ ಹೋಗಿಬಿಡುತ್ತಾನೆ. ಪಕ್ಕದಲ್ಲಿ ಯಾರಾದರೂ ಇದ್ದು, 1961ರಲ್ಲಿಯೇ ಕಂಡುಹಿಡಿಯಲ್ಪಟ್ಟ ನಾಲಾಕ್ಸೋನ್ ಎಂಬ ಪ್ರತಿವಿಷವನ್ನು ಸಕಾಲದಲ್ಲಿ ಮೂಗಿಗೆ ಸಿಂಪಡಿಸಿದರೆ, ಕೆಲವೇ ನಿಮಿಷಗಳಲ್ಲಿ ಎದ್ದು ಕುಳಿತುಕೊಳ್ಳುವುದೂ ಉಂಟು. ಈ ಮದ್ದು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ದೊರೆಯುವಂತಾದದ್ದು 2023ರಲ್ಲಿ.

ಇಷ್ಟೊಂದು ಮಾತ್ರೆಗಳು ಜನರ ಕೈಗೆ ಬಂದ ಬಗೆಯಲ್ಲಿಯೂ ಅಂಕಿ-ಅಂಶದ ಪಾತ್ರವಿತ್ತೆಂಬುದನ್ನು ಮರೆಯಬಾರದು. 1980ರ ಜನವರಿಯಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರ ವಾಚಕರ ಪತ್ರಗಳ ಭಾಗದಲ್ಲಿ, ಬೋಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್ ಎಂಬವರು ಒಂದೇ ಪ್ಯಾರದ ಪತ್ರವೊಂದನ್ನು ಬರೆದು, ಆಸ್ಪತ್ರೆಯಲ್ಲಿದ್ದಾಗ ಇಂಥ ಮದ್ದನ್ನು ಪಡೆದ 11,882 ರೋಗಿಗಳಲ್ಲಿ ಕೇವಲ 4 ಮಂದಿಗೆ ಹೊಸದಾಗಿ ಚಟ ಅಂಟಿದ್ದು ದಾಖಲೆಯಲ್ಲಿ ಕಂಡಿತೆಂದು ತಿಳಿಸಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ, ದಾದಿಯ ಕಣ್ಣೆದುರಿಗೆ, ಕೆಲವು ದಿನಗಳ ಮಟ್ಟಿಗೆ ಕೊಟ್ಟ ಮದ್ದಿನ ಲೆಕ್ಕವಿದು. ಮನೆಗೆ ಕೊಂಡೊಯ್ದು ವರ್ಷಗಟ್ಟಲೆ ನುಂಗುವ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಆ ಐದಾರು ವಾಕ್ಯಗಳನ್ನು ಮುಂದಿನವರು ಹಿಂದುಮುಂದಿನ ಸಂದರ್ಭವನ್ನು ಬಿಟ್ಟು ಎತ್ತಿಕೊಂಡರು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಗಣನೆಯ ಪ್ರಕಾರ ಆ ಪತ್ರವನ್ನು ಉಲ್ಲೇಖಿಸಿದ 608 ಬರಹಗಳಲ್ಲಿ 439 ಬರಹಗಳು ಅದನ್ನು ಚಟ ಹತ್ತುವುದು ಅಪರೂಪವೆಂಬುದಕ್ಕೆ ಪ್ರಮಾಣವಾಗಿ ಬಳಸಿದ್ದುವು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿಯು ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಾಗ ಅದರ ಪ್ರತಿನಿಧಿಗಳ ಬಾಯಲ್ಲಿ ಇದೇ ಭರವಸೆಯಿತ್ತು. ಚಟದ ಅಪಾಯವನ್ನು ಕಡಿಮೆ ಮಾಡಿ ಹೇಳಿ ದಾರಿತಪ್ಪಿಸಿದ ಅಪರಾಧವನ್ನು ಪರ್ಡ್ಯೂ ಸಂಸ್ಥೆ 2007ರಲ್ಲಿ ಒಪ್ಪಿಕೊಂಡಿತು. 2020ರಲ್ಲಿ ಮತ್ತೊಮ್ಮೆ ಅಪರಾಧಿಯೆಂದು ಒಪ್ಪಿಕೊಳ್ಳಬೇಕಾಯಿತು. ವೈದ್ಯರು ಬರೆದುಕೊಟ್ಟ ಇಂಥ ಮದ್ದಿನ ಚೀಟಿಗಳು 2012ರಲ್ಲಿ 25 ಕೋಟಿಯನ್ನು ಮೀರಿ, ನೂರು ಜನರಿಗೆ ಎಂಬತ್ತೊಂದರಂತೆ ಆದುವು.

ಈಗ ಮರಣಪತ್ರದ ವಿಷಯಕ್ಕೆ ಬರಬೇಕು. ಈ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ. ಅಮೆರಿಕದಲ್ಲಿ ಅನುಮಾನಾಸ್ಪದವಾದ ಸಾವೊಂದು ಸಂಭವಿಸಿದರೆ ಅದರ ಕಾರಣವನ್ನು ನಿರ್ಣಯಿಸುವ ಅಧಿಕಾರ ಕೆಲವು ರಾಜ್ಯಗಳಲ್ಲಿ ಶವಪರೀಕ್ಷೆಯಲ್ಲಿ ನುರಿತ ವೈದ್ಯಾಧಿಕಾರಿಗಿದೆ; ಮತ್ತೆ ಕೆಲವು ರಾಜ್ಯಗಳಲ್ಲಿ ಜಿಲ್ಲೆಯ ಜನರು ಮತ ಹಾಕಿ ಆರಿಸಿದ ಕರೋನರ್ ಎಂಬ ಅಧಿಕಾರಿಗಿದೆ; ಈತನು ವೈದ್ಯನೇ ಆಗಿರಬೇಕೆಂಬ ನಿಯಮ ಅನೇಕ ಕಡೆಗಳಲ್ಲಿಲ್ಲ. ರಕ್ತವನ್ನು ಪ್ರಯೋಗಶಾಲೆಗೆ ಕಳುಹಿಸಲು ಹಣ ಬೇಕು, ವರದಿ ಬರಲು ವಾರಗಳು ಬೇಕು, ಬಂದ ವರದಿಯನ್ನು ಓದಿ ಪತ್ರದಲ್ಲಿ ಮದ್ದಿನ ಹೆಸರನ್ನು ಬರೆಯುವ ಶ್ರದ್ಧೆಯೂ ಬೇಕು. ಆ ಪತ್ರವು ರಾಷ್ಟ್ರೀಯ ಆರೋಗ್ಯ ಅಂಕಿ-ಅಂಶ ಕೇಂದ್ರಕ್ಕೆ ಹೋದಮೇಲೆ ಅಲ್ಲಿ ಅದಕ್ಕೆ ಅಂತರರಾಷ್ಟ್ರೀಯ ರೋಗವರ್ಗೀಕರಣದ ಸಂಕೇತ ಬೀಳುತ್ತದೆ: ಹೆರಾಯಿನ್ನಿಗೆ ಟಿ 40.1, ಆಕ್ಸಿಕೋಡೋನ್ ಮುಂತಾದುವಕ್ಕೆ ಟಿ 40.2, ಮೆಥಡೋನಿಗೆ ಟಿ 40.3, ಇತರ ಕೃತಕ ಮದ್ದುಗಳಿಗೆ ಟಿ 40.4. ಈ ಕಡೆಯ ಒಂದೇ ಖಾನೆಯಲ್ಲಿ ಟ್ರಮಡಾಲ್ ಎಂಬ ಸೌಮ್ಯವಾದ ಮಾತ್ರೆಯೂ ಫೆಂಟನಿಲ್ ಎಂಬ ಮೃತ್ಯುವೂ ಜೊತೆಯಾಗಿ ಕುಳಿತಿದ್ದುವಾದಕಾರಣ, ಬೀದಿಗಳಲ್ಲಿ ಫೆಂಟನಿಲ್ ಹರಡುತ್ತಿದ್ದಾಗ ಅದನ್ನು ಬೇರೆಯಾಗಿ ಗುರುತಿಸಲು ತಜ್ಞರು ಮರಣಪತ್ರಗಳ ಮೇಲೆ ಬರೆದಿದ್ದ ಮೂಲ ಪದಗಳನ್ನೇ ಯಂತ್ರದಿಂದ ಹುಡುಕಿಸಬೇಕಾಯಿತು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಮತ್ತೊಂದಿದೆ. ಹೆರಾಯಿನ್ ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಒಡೆದು ಬೇರೊಂದು ವಸ್ತುವಾಗಿ, ಅದೂ ಬೇಗನೆ ಮಾರ್ಫೀನಾಗಿ ಮಾರ್ಪಡುತ್ತದೆ. ಆ ನಡುವಣ ವಸ್ತು ರಕ್ತದಲ್ಲಿಯೋ ಮೂತ್ರದಲ್ಲಿಯೋ ಕಣ್ಣಿನ ದ್ರವದಲ್ಲಿಯೋ ಸಿಕ್ಕಿದರೆ ಸತ್ತವನು ಹೆರಾಯಿನ್ ತೆಗೆದುಕೊಂಡಿದ್ದನೆಂದು ನಿಶ್ಚಯವಾಗಿ ಹೇಳಬಹುದು. ಸಿಕ್ಕದಿದ್ದರೆ ವರದಿಯಲ್ಲಿ ಉಳಿಯುವುದು ಮಾರ್ಫೀನ್ ಎಂಬ ಹೆಸರು ಮಾತ್ರ, ಆಗ ಬೀದಿಯ ಪುಡಿಯಿಂದಾದ ಸಾವು ವೈದ್ಯರು ಕೊಟ್ಟ ಮದ್ದಿನ ಖಾನೆಗೆ ಹೋಗುತ್ತದೆ. ಸೂಜಿಯೂ ಚಮಚೆಯೂ ಶವದ ಪಕ್ಕದಲ್ಲಿ ಬಿದ್ದಿದ್ದುವೆಂಬುದನ್ನು ಸ್ಥಳಕ್ಕೆ ಹೋದವನು ನೋಡಿ ಬರೆದಿದ್ದರೆ ಮಾತ್ರ ಶವಪರೀಕ್ಷಕನು ಸತ್ಯವನ್ನು ಊಹಿಸಬಲ್ಲನು.

ಎಷ್ಟೋ ಪತ್ರಗಳಲ್ಲಿ ಮದ್ದಿನ ಹೆಸರನ್ನೇ ಬರೆದಿರಲಿಲ್ಲ. ಮಾದಕದ ಮಿತಿಮೀರಿದ ಸೇವನೆಯೆಂದು ಬರೆದು ಸಹಿ ಮಾಡಿ ಮುಗಿಸಿದ್ದರು. ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಹೆಸರಿಲ್ಲದ ಸಾವುಗಳನ್ನು ಪರಿಶೀಲಿಸಿ, ಸತ್ತವರ ವಯಸ್ಸು, ಸ್ಥಳ, ಜೊತೆಗಿದ್ದ ಇತರ ಕಾರಣಗಳು ಮುಂತಾದುವುಗಳಿಂದ ಅಂದಾಜು ಮಾಡಿ, 1999ರಿಂದ 2016ರವರೆಗೆ ಸುಮಾರು 99,160 ಅಫೀಮುಜನ್ಯ ಸಾವುಗಳು ಲೆಕ್ಕದಿಂದ ತಪ್ಪಿಹೋಗಿವೆಯೆಂದು 2020ರಲ್ಲಿ ತೋರಿಸಿದರು. ಅಂದರೆ ಸರ್ಕಾರಿ ಸಂಖ್ಯೆಗಿಂತ ನೂರಕ್ಕೆ 28ರಷ್ಟು ಹೆಚ್ಚು. ಅಲಬಾಮಾ, ಮಿಸಿಸಿಪ್ಪಿ, ಪೆನ್ಸಿಲ್ವೇನಿಯಾ, ಲೂಯಿಸಿಯಾನ, ಇಂಡಿಯಾನ ರಾಜ್ಯಗಳಲ್ಲಿ ನಿಜವಾದ ಸಂಖ್ಯೆ ದಾಖಲೆಯ ಇಮ್ಮಡಿಗಿಂತಲೂ ಹೆಚ್ಚಾಗಿರಬಹುದೆಂದು ಅವರ ಅಂದಾಜು. ಸರ್ಕಾರದ ಅನುದಾನಗಳು ಈ ಸಂಖ್ಯೆಗಳನ್ನು ನೋಡಿ ಹಂಚಿಹೋಗುತ್ತವೆಂಬುದನ್ನು ನೆನೆದರೆ, ಕಾಗದದಲ್ಲಿ ಹಗುರವಾಗಿ ಕಂಡ ಜಿಲ್ಲೆಗೆ ಚಿಕಿತ್ಸಾಲಯವೂ ಹಗುರವಾಗಿಯೇ ಬಂದಿರಬೇಕು. ಒಂದು ಶಬ್ದವನ್ನು ಬರೆಯದೆ ಬಿಟ್ಟದ್ದರ ಫಲವನ್ನು ಸತ್ತವನಿಗಿಂತ ಹೆಚ್ಚಾಗಿ ಅವನ ನೆರೆಯಲ್ಲಿ ಬದುಕಿದ್ದವನು ಅನುಭವಿಸಿದನು.

ಹೆಸರು ತಪ್ಪುವುದು ಒಂದು ಕಷ್ಟವಾದರೆ ತಡವಾಗುವುದು ಇನ್ನೊಂದು. ವರ್ಷವೊಂದರ ಮರಣಗಳ ಅಂತಿಮ ಲೆಕ್ಕ ಹೊರಬರುವುದಕ್ಕೆ ಹಿಂದೆ ಒಂದು ವರ್ಷದ ಮೇಲೆ ಹಿಡಿಯುತ್ತಿತ್ತು. ನಾಲ್ಕು ತಿಂಗಳ ಹಿಂದಿನ ತಾತ್ಕಾಲಿಕ ಸಂಖ್ಯೆಗಳನ್ನು ತಿಂಗಳು ತಿಂಗಳೂ ಪ್ರಕಟಿಸುವ ಪದ್ಧತಿ ಬಂದದ್ದು 2017ರಲ್ಲಿ. ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ ಮಾದಕ ಪ್ರಕರಣಗಳನ್ನು ಆಯ್ದ ಆಸ್ಪತ್ರೆಗಳಿಂದ ಸಂಗ್ರಹಿಸುವ ಜಾಲವೊಂದು 1972ರಿಂದಲೇ ನಡೆದುಬಂದಿತ್ತು. ಅದನ್ನು 2011ರಲ್ಲಿ ನಿಲ್ಲಿಸಿದರು. ಹೆರಾಯಿನ್ನಿನ ಸಾವುಗಳು ಏರತೊಡಗಿದ್ದು 2010ರಲ್ಲಿ, ಫೆಂಟನಿಲ್ಲಿನವು 2013ರಲ್ಲಿ. ಹೊಸ ವಿಷ ಊರೊಳಗೆ ಕಾಲಿಡುತ್ತಿದ್ದ ವರ್ಷಗಳಲ್ಲಿಯೇ ಊರ ಬಾಗಿಲ ಕಾವಲುಗಾರನನ್ನು ಮನೆಗೆ ಕಳುಹಿಸಿದಂತಾಯಿತು. ಇದಕ್ಕೂ ಮುಂಚೆ, 2005ರ ಏಪ್ರಿಲ್‌ನಿಂದ 2007ರ ಮಾರ್ಚ್‌ವರೆಗೆ, ಷಿಕಾಗೋ, ಡೆಟ್ರಾಯಿಟ್, ಫಿಲಡೆಲ್ಫಿಯ ಮುಂತಾದ ಕಡೆಗಳಲ್ಲಿ ಅಕ್ರಮವಾಗಿ ತಯಾರಿಸಿದ ಫೆಂಟನಿಲ್ಲಿನಿಂದ 1,013 ಮಂದಿ ಸತ್ತದ್ದನ್ನು ತಾತ್ಪೂರ್ತಿಕವಾಗಿ ಕಟ್ಟಿದ ಕಣ್ಗಾವಲು ವ್ಯವಸ್ಥೆಯೊಂದು ಎಣಿಸಿತ್ತು. ಮೆಕ್ಸಿಕೋದ ಒಂದು ಗುಪ್ತ ಪ್ರಯೋಗಶಾಲೆ ಮುಚ್ಚಿತು, ಸಾವುಗಳು ಇಳಿದವು, ಎಣಿಕೆಯೂ ನಿಂತಿತು. ಆ ಎಣಿಕೆ ಮುಂದುವರಿದಿದ್ದರೆ ಏನಾಗುತ್ತಿತ್ತೆಂದು ಯಾರೂ ಖಂಡಿತವಾಗಿ ಹೇಳಲಾರರು; ಆದರೆ ಮುನ್ಸೂಚನೆಯಿರಲಿಲ್ಲವೆಂದು ಮಾತ್ರ ಹೇಳುವಂತಿಲ್ಲ.

ಮರಣಪತ್ರವು ನಿಧಾನಗಾಮಿಯಾದರೆ, ವಿಷ ಮಾಹಿತಿ ಕೇಂದ್ರಗಳ ದೂರವಾಣಿಯು ಶೀಘ್ರಗಾಮಿ. ಇಂಥ ಮೊದಲನೆಯ ಕೇಂದ್ರ ಷಿಕಾಗೋದಲ್ಲಿ 1953ರಲ್ಲಿ ಆರಂಭವಾಯಿತು. ಈಗ ಐವತ್ತಕ್ಕೂ ಹೆಚ್ಚು ಕೇಂದ್ರಗಳಿದ್ದು, ದೇಶದ ಯಾವ ಮೂಲೆಯಿಂದಲಾದರೂ ಒಂದೇ ಸಂಖ್ಯೆಗೆ ಕರೆಮಾಡಬಹುದು. ಎರಡು ವರ್ಷದ ಮಗು ಅಜ್ಜಿಯ ಕೈಚೀಲದಿಂದ ಮಾತ್ರೆಯೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡಿತೆಂದು ತಾಯಿಯೊಬ್ಬಳು ಗಾಬರಿಯಿಂದ ಕೂಗಿಕೊಂಡಾಗ, ಈ ಕಡೆಯಲ್ಲಿ ಕುಳಿತ ದಾದಿಯೋ ಔಷಧತಜ್ಞರೋ ದನಿ ಏರಿಸದೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ: ಮಗು ಎಚ್ಚರವಾಗಿದೆಯೆ, ಉಸಿರು ಹೇಗಿದೆ, ತೂಕವೆಷ್ಟು, ಮಾತ್ರೆಯ ಬಣ್ಣ ಯಾವುದು, ಅದರ ಮೇಲೆ ಕೆತ್ತಿದ ಅಕ್ಷರವೇನು, ಸೀಸೆಯಲ್ಲಿ ಎಷ್ಟು ಉಳಿದಿವೆ, ನುಂಗಿ ಎಷ್ಟು ಹೊತ್ತಾಯಿತು. ಆ ಅಕ್ಷರದಿಂದಲೇ ಮಾತ್ರೆಯ ಗುರುತು ಹತ್ತುತ್ತದೆ. ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಎಂಬ ಅಫೀಮುಜನ್ಯ ಮದ್ದೆಂದು ಗೊತ್ತಾದ ಕೂಡಲೇ, ಮಗು ಆಟವಾಡಿಕೊಂಡಿದ್ದರೂ ಸರಿಯೆ, ಆಸ್ಪತ್ರೆಗೆ ಕರೆದೊಯ್ಯತಕ್ಕದ್ದೆಂದು ಹೇಳುತ್ತಾರೆ. ಅಷ್ಟು ಚಿಕ್ಕ ದೇಹಕ್ಕೆ ಒಂದೇ ಮಾತ್ರೆ ಮಾರಕವಾಗಬಹುದು, ಪರಿಣಾಮವು ಗಂಟೆಗಳ ತರುವಾಯವೂ ಕಾಣಿಸಬಹುದು. ಕೆಲವು ಗಂಟೆಗಳ ಮೇಲೆ ತಾವೇ ಕರೆಮಾಡಿ ಮಗು ಹೇಗಿದೆಯೆಂದು ವಿಚಾರಿಸುತ್ತಾರೆ. ಆ ಉತ್ತರವೂ ದಾಖಲೆಗೆ ಸೇರುತ್ತದೆ. ಹೀಗೆ ಬರೆದುಕೊಂಡದ್ದು ಕೆಲವೇ ನಿಮಿಷಗಳಲ್ಲಿ ರಾಷ್ಟ್ರೀಯ ದತ್ತಾಂಶ ಭಂಡಾರವನ್ನು ಮುಟ್ಟುತ್ತದೆ. ವರ್ಷಕ್ಕೆ ಸುಮಾರು ಇಪ್ಪತ್ತು ಲಕ್ಷ ಪ್ರಕರಣಗಳು ಅಲ್ಲಿ ಶೇಖರವಾಗುತ್ತವೆ.

ಈ ಭಂಡಾರದ ಸಂಖ್ಯೆಗಳನ್ನು ಓದುವಾಗ ವಿವೇಕ ಬೇಕು. ಮಾತ್ರೆಯನ್ನು ಮುಟ್ಟಿ ಏನೂ ಆಗದೆ ಉಳಿದ ಮಗುವೂ, ಪ್ರಾಣಾಂತಿಕವಾಗಿ ನುಂಗಿದ ಯುವಕನೂ ಇಲ್ಲಿ ಒಂದೊಂದು ಸಂಪರ್ಕ ಪ್ರಕರಣವೇ. ವಿಷಸಂಪರ್ಕವಾದವರೆಲ್ಲರೂ ವಿಷಪೀಡಿತರಲ್ಲ, ಮಿತಿಮೀರಿ ಸೇವಿಸಿದವರೆಲ್ಲರೂ ಸತ್ತವರಲ್ಲ. ಇನ್ನೊಂದು ಕಡೆಯಲ್ಲಿ, ಬೀದಿಯ ಮೂಲೆಯಲ್ಲಿ ಕುಸಿದುಬಿದ್ದವನ ಪರವಾಗಿ ವಿಷ ಕೇಂದ್ರಕ್ಕೆ ಕರೆಮಾಡುವವರು ವಿರಳ. ಒಂದು ವಿಷದ ಚಿಕಿತ್ಸೆ ವೈದ್ಯರಿಗೆ ರೂಢಿಯಾದ ಮೇಲೆ ಅವರೂ ಕೇಂದ್ರವನ್ನು ಕೇಳುವುದನ್ನು ಬಿಡುತ್ತಾರೆ. ಆದ್ದರಿಂದ ಕರೆಗಳು ಇಳಿದರೆ ಅಪಾಯವೇ ಇಳಿಯಿತೆಂದು ತಿಳಿಯತಕ್ಕದ್ದಲ್ಲ. ಇಷ್ಟಾದರೂ ಮಕ್ಕಳ ವಿಷಯದಲ್ಲಿ ಈ ದಾಖಲೆಯಷ್ಟು ಉಪಕಾರ ಮಾಡಿದ್ದು ಬೇರೊಂದಿಲ್ಲ. ಬ್ಯುಪ್ರೆನಾರ್ಫಿನ್ ಮಾತ್ರೆಗಳು ಸೀಸೆಯಲ್ಲಿ ಸಡಿಲವಾಗಿ ಬರುತ್ತಿದ್ದಾಗ ಮಕ್ಕಳ ಪ್ರಕರಣಗಳು ಏರುತ್ತ ಹೋದದ್ದನ್ನೂ, ಒಂದೊಂದನ್ನೇ ಬೇರೆ ಬೇರೆಯಾಗಿ ಸುತ್ತಿದ ಪೊಟ್ಟಣಗಳು ಬಂದಮೇಲೆ ಅವು ಇಳಿದದ್ದನ್ನೂ ಈ ಕರೆಗಳಿಂದಲೇ ತಿಳಿದುಕೊಂಡರು.

ಸಂಖ್ಯಾಶಾಸ್ತ್ರದ ಈ ಇತಿಹಾಸದಲ್ಲಿ ನನ್ನನ್ನು ಅತ್ಯಂತ ಆಳವಾಗಿ ಮುಟ್ಟಿದ ಪ್ರಸಂಗ ಮೂರು ಪ್ರತಿಗಳ ಚೀಟಿಯದು. ಕ್ಯಾಲಿಫೋರ್ನಿಯ ರಾಜ್ಯವು 1939ರಷ್ಟು ಹಿಂದೆಯೇ ಮಾದಕ ಮದ್ದುಗಳನ್ನು ವಿಶೇಷ ಚೀಟಿಯ ಮೇಲೆ ಬರೆಯಬೇಕೆಂದು ವಿಧಿಸಿ, ಮೂರು ಪ್ರತಿಗಳ ಪದ್ಧತಿಗೆ ನಾಂದಿಹಾಡಿತು. ಒಂದು ಪ್ರತಿ ವೈದ್ಯರ ಬಳಿ, ಒಂದು ಔಷಧದ ಅಂಗಡಿಯಲ್ಲಿ, ಮತ್ತೊಂದು ಸರ್ಕಾರಕ್ಕೆ. ಆಕ್ಸಿಕಾಂಟಿನ್ ಬಂದ ಕಾಲದಲ್ಲಿ ಇದೇ ತೆರನಾದ ನಿಯಮ ಇಡಾಹೊ, ಇಲಿನಾಯ್, ನ್ಯೂಯಾರ್ಕ್, ಟೆಕ್ಸಸ್ ರಾಜ್ಯಗಳಲ್ಲಿಯೂ ಇತ್ತು. ಬರೆದದ್ದು ಸರ್ಕಾರದ ಕಣ್ಣಿಗೆ ಬೀಳುವುದೆಂಬ ಅರಿವಿನಿಂದ ಅಲ್ಲಿಯ ವೈದ್ಯರು ಹಿಂಜರಿಯುವರೆಂಬುದನ್ನು ಪರ್ಡ್ಯೂ ಕಂಪನಿಯು ಮುಂಚೆಯೇ ವಿಚಾರಿಸಿ ತಿಳಿದುಕೊಂಡು, ಆ ಐದು ರಾಜ್ಯಗಳಲ್ಲಿ ಪ್ರಚಾರಕ್ಕೆ ಕಡಿಮೆ ಗಮನ ಕೊಟ್ಟಿತು. ಆಲ್ಪರ್ಟ್, ಎವನ್ಸ್, ಲೀಬರ್, ಪವೆಲ್ ಎಂಬ ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1996ಕ್ಕಿಂತ ಮುಂಚೆ ಸಾವುಗಳ ಪ್ರಮಾಣ ಇತರ ರಾಜ್ಯಗಳಿಗಿಂತ ಹೆಚ್ಚಾಗಿಯೇ ಇದ್ದ ಈ ಐದು ರಾಜ್ಯಗಳಲ್ಲಿ ಅನಂತರದ ಸಾವುಗಳ ಏರಿಕೆ ಬಹಳ ನಿಧಾನವಾಗಿತ್ತೆಂದೂ, ಆ ಚೀಟಿಯ ನಿಯಮ ರದ್ದಾದ ತರುವಾಯವೂ ಆ ಅಂತರ ಉಳಿದುಬಂದಿತೆಂದೂ ತೋರಿಸಿದರು. ಮೂರನೆಯ ಪ್ರತಿಯ ಆ ತೆಳುವಾದ ಕಾಗದವನ್ನು ಕಚೇರಿಗಳ ವ್ಯರ್ಥ ತೊಂದರೆಯೆಂದು ಹಳಿದವರು ಆ ಕಾಲದಲ್ಲಿ ಕಡಿಮೆಯಿರಲಿಲ್ಲ.

ಸರ್ಕಾರದ ಬಳಿಯಲ್ಲಿಯೇ ಇದ್ದು ಜನರಿಗೆ ಕಾಣದೆ ಹೋದ ದತ್ತಾಂಶವೂ ಉಂಟು. ಯಾವ ಕಾರ್ಖಾನೆಯಿಂದ ಯಾವ ಸಗಟು ವ್ಯಾಪಾರಿಯ ಮೂಲಕ ಯಾವ ಅಂಗಡಿಗೆ ಎಷ್ಟು ಮಾತ್ರೆಗಳು ಹೋದುವೆಂಬುದು ಮಾದಕದ್ರವ್ಯ ನಿಯಂತ್ರಣ ಇಲಾಖೆಗೆ ನಿಯಮದಂತೆ ವರದಿಯಾಗುತ್ತಲೇ ಇತ್ತು. ಪಶ್ಚಿಮ ವರ್ಜೀನಿಯದ ಚಾರ್ಲ್ಸ್‌ಟನ್ ಗೆಜೆಟ್-ಮೇಲ್ ಪತ್ರಿಕೆಯ ಎರಿಕ್ ಐರ್ ಅವರು ದಾಖಲೆಗಳಿಗಾಗಿ ಹೋರಾಡಿ, ಹದಿನೆಂಟು ಲಕ್ಷದಷ್ಟು ಜನಸಂಖ್ಯೆಯ ತಮ್ಮ ರಾಜ್ಯಕ್ಕೆ ಆರು ವರ್ಷಗಳಲ್ಲಿ 78 ಕೋಟಿ ನೋವಿನ ಮಾತ್ರೆಗಳು ಬಂದು ಬಿದ್ದುವೆಂದೂ ಅದೇ ಅವಧಿಯಲ್ಲಿ ಅಂಥ ಮಾತ್ರೆಗಳಿಂದ 1,728 ಮಂದಿ ಸತ್ತರೆಂದೂ 2016ರಲ್ಲಿ ಬರೆದರು. ಮರುವರ್ಷ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಅವರ ವರದಿಯಲ್ಲಿ ಕರ್ಮಿಟ್ ಎಂಬ ಊರಿನ ಪ್ರಸ್ತಾಪವಿದೆ. ಊರಿನ ಜನಸಂಖ್ಯೆ 392. ಅಲ್ಲಿಯ ಒಂದೇ ಔಷಧದ ಅಂಗಡಿಗೆ ಎರಡು ವರ್ಷಗಳಲ್ಲಿ ಬಂದ ಮಾತ್ರೆಗಳು ಸುಮಾರು 90 ಲಕ್ಷ. ದೇಶದ ಒಟ್ಟು ಲೆಕ್ಕವನ್ನು ಕೊಡಿಸಬೇಕೆಂದು ಪತ್ರಿಕೆಗಳು ನ್ಯಾಯಾಲಯದಲ್ಲಿ ಗೆದ್ದು, 2019ರಲ್ಲಿ ಆ ಭಂಡಾರ ತೆರೆದಾಗ, 2006ರಿಂದ 2012ರವರೆಗೆ 7,600 ಕೋಟಿ ಮಾತ್ರೆಗಳು ಹರಿದುಹೋದದ್ದು ಬೆಳಕಿಗೆ ಬಂದಿತು. ಪಶ್ಚಿಮ ವರ್ಜೀನಿಯದ ಬಾಡಿಹೋದ ಕಲ್ಲಿದ್ದಲಿನ ಕಣಿವೆಗಳಿಗೆ ಲಾರಿಗಳು ಹೋಗುತ್ತಿದ್ದ ಪ್ರತಿಯೊಂದು ಸಲವೂ ಯಾರೋ ಒಬ್ಬರು ಅದನ್ನು ಬರೆದುಕೊಂಡಿದ್ದರೆಂಬುದನ್ನು ಓದುವಾಗ ಮನಸ್ಸು ಕಹಿಯಾಗುತ್ತದೆ.

ಅದೇ ಪಶ್ಚಿಮ ವರ್ಜೀನಿಯದ ಹಂಟಿಂಗ್ಟನ್ ನಗರದಲ್ಲಿ 2016ರ ಆಗಸ್ಟ್ 15ರ ಮಧ್ಯಾಹ್ನ, ಕೆಲವೇ ಗಂಟೆಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಉಸಿರುಗಟ್ಟಿ ಬಿದ್ದರೆಂಬ ಕರೆಗಳು ಒಂದರ ಮೇಲೊಂದು ಬಂದುವು. ಆನೆಯಂಥ ಭಾರಿ ಪ್ರಾಣಿಗಳನ್ನು ಮಲಗಿಸಲು ಬಳಸುವ ಕಾರ್ಫೆಂಟನಿಲ್ ಆ ಪುಡಿಯಲ್ಲಿ ಬೆರೆತಿತ್ತೆಂದು ಅನಂತರ ಪತ್ತೆಯಾಯಿತು. ಆಂಬುಲೆನ್ಸಿನವರು ಪ್ರಾಣಗಳನ್ನು ಉಳಿಸಿದರು. ಆದರೆ ಉಳಿದವರಲ್ಲಿ ಒಬ್ಬರನ್ನಾದರೂ ಚಟಬಿಡಿಸುವ ಚಿಕಿತ್ಸೆಗೆ ಕಳುಹಿಸಿದ ದಾಖಲೆ ತನಿಖೆ ಮಾಡಿದವರಿಗೆ ಸಿಕ್ಕಲಿಲ್ಲ. ಆ ಅನುಭವದಿಂದ ಕಲಿತು, ಬದುಕಿ ಉಳಿದವರ ಮನೆಗೆ ಕೆಲವು ದಿನಗಳೊಳಗೆ ಆರೋಗ್ಯ ಸಿಬ್ಬಂದಿ, ಪೊಲೀಸು, ಧರ್ಮಗುರು ಸೇರಿದ ತಂಡವೊಂದು ಹೋಗಿ ಬಾಗಿಲು ತಟ್ಟುವ ಏರ್ಪಾಟನ್ನು ಆ ನಗರ ಮಾಡಿಕೊಂಡಿತು. 2017ರಲ್ಲಿ ವಾಷಿಂಗ್ಟನ್-ಬಾಲ್ಟಿಮೋರ್ ಪ್ರದೇಶದಲ್ಲಿ ಆರಂಭವಾದ ನಕ್ಷೆಯ ವ್ಯವಸ್ಥೆಯೊಂದರಲ್ಲಿ, ಸ್ಥಳಕ್ಕೆ ಹೋದ ಸಿಬ್ಬಂದಿಯು ಅಲ್ಲಿಂದಲೇ ಮೊಬೈಲಿನಲ್ಲಿ ಪ್ರಕರಣವನ್ನು ಗುರುತಿಸುತ್ತಾರೆ. ಒಂದೇ ದಿನದಲ್ಲಿ ಪ್ರಕರಣಗಳು ಗೊತ್ತಾದ ಮಿತಿಯನ್ನು ದಾಟಿದರೆ ಸುತ್ತಲಿನ ಜಿಲ್ಲೆಗಳಿಗೆ ಎಚ್ಚರಿಕೆ ಹೋಗುತ್ತದೆ.

ಮರಣಪತ್ರ ಹೇಳಲಾರದ್ದನ್ನು ಹೇಳುವ ಸಲುವಾಗಿ 2016ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಮೊದಲಾದ ಮತ್ತೊಂದು ದಾಖಲೆಯು ಶವಪರೀಕ್ಷೆಯ ವರದಿಯನ್ನೂ ಪ್ರಯೋಗಶಾಲೆಯ ಫಲಿತಾಂಶವನ್ನೂ ಸ್ಥಳ ಮಹಜರನ್ನೂ ಒಂದೆಡೆ ಇಟ್ಟು ಓದುತ್ತದೆ. ಮನೆಯಲ್ಲಿ ಬೇರೆ ಯಾರಾದರೂ ಇದ್ದರೇ, ಇದ್ದಿದ್ದರೆ ಅದೇ ಕೋಣೆಯಲ್ಲಿದ್ದರೇ, ಸತ್ತವನು ಇತ್ತೀಚೆಗೆ ಸೆರೆಮನೆಯಿಂದ ಬಂದಿದ್ದನೆ, ಮುಂಚೆ ಎಂದಾದರೂ ಹೀಗೆ ಬಿದ್ದು ಬದುಕಿದ್ದನೆ, ಇಂಥ ಪ್ರಶ್ನೆಗಳಿಗೆ ಅದರಲ್ಲಿ ಖಾನೆಗಳಿವೆ. ಸತ್ತವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ವಿಷಯದಲ್ಲಿ, ಯಾರಾದರೂ ಮಧ್ಯೆ ಪ್ರವೇಶಿಸಿ ಉಳಿಸಬಹುದಾಗಿದ್ದ ಅವಕಾಶವೊಂದಾದರೂ ಇತ್ತೆಂದು ಈ ದಾಖಲೆಯಿಂದ ಹೊರಬಿದ್ದಿದೆ. ಎಷ್ಟೋ ಸಲ ಇನ್ನೊಬ್ಬರು ಮನೆಯಲ್ಲಿಯೇ ಇರುತ್ತಾರೆ, ಪಕ್ಕದ ಕೋಣೆಯಲ್ಲಿ, ಬಾಗಿಲು ಮುಚ್ಚಿರುತ್ತದೆ.

2023ರಲ್ಲಿ 1,05,007 ಇದ್ದ ಸಾವುಗಳು 2024ರಲ್ಲಿ ಸುಮಾರು 80,000ಕ್ಕೆ ಇಳಿದುವು. ನಾಲಾಕ್ಸೋನ್ ಹರಡಿದ್ದರಿಂದಲೋ, ಚಿಕಿತ್ಸೆ ಸುಲಭವಾದದ್ದರಿಂದಲೋ, ಬೀದಿಯ ಪುಡಿಯ ಸ್ವರೂಪವೇ ಬದಲಾದದ್ದರಿಂದಲೋ, ಸಾಯಬೇಕಾದವರು ಸತ್ತುಹೋದದ್ದರಿಂದಲೋ ಎಂದು ತಜ್ಞರು ಇನ್ನೂ ವಾದಿಸುತ್ತಿದ್ದಾರೆ. ಮೂಲನಿವಾಸಿ ಜನಾಂಗಗಳಲ್ಲಿ ಮರಣದ ಪ್ರಮಾಣ ಎಲ್ಲರಿಗಿಂತ ಹೆಚ್ಚಾಗಿರುವುದು ಈ ಇಳಿಕೆಯ ಸಂತೋಷವನ್ನು ತಗ್ಗಿಸಬೇಕು. ವಾದವನ್ನು ಬಗೆಹರಿಸಬಲ್ಲವು ದಾಖಲೆಗಳು ಮಾತ್ರ. ಅಂಥ ಸಮಯದಲ್ಲಿ, 2025ರ ಏಪ್ರಿಲ್‌ನಲ್ಲಿ, ಅಮೆರಿಕದ ಆರೋಗ್ಯ ಇಲಾಖೆಯಲ್ಲಿ ಸಾವಿರಾರು ಮಂದಿ ನೌಕರರನ್ನು ಒಮ್ಮೆಗೇ ಕೆಲಸದಿಂದ ತೆಗೆದಾಗ, ಮಾದಕ ಸೇವನೆಯ ರಾಷ್ಟ್ರೀಯ ಗೃಹಸಮೀಕ್ಷೆಯನ್ನು ನಡೆಸುತ್ತಿದ್ದ ತಂಡವೂ ಅದರಲ್ಲಿ ಸೇರಿತ್ತು. ಇದು ಮಿತವ್ಯಯವೆಂದು ನಾನು ಒಪ್ಪಲಾರೆ; ನಡೆದುಬಂದ ಎಣಿಕೆಯ ಸರಣಿ ಒಮ್ಮೆ ತುಂಡಾದರೆ ಅದನ್ನು ಮತ್ತೆ ಕೂಡಿಸುವುದು ಎಷ್ಟು ಹಣದಿಂದಲೂ ಸಾಧ್ಯವಿಲ್ಲ.

ಭಾರತವು ಈ ಕಥೆಯಿಂದ ಹೊರಗಿಲ್ಲ. ನೋವುನಿವಾರಕಗಳಿಗೆ ಬೇಕಾದ ಅಫೀಮಿನ ಕಚ್ಚಾವಸ್ತುವಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನಾದರೂ ಭಾರತ, ಟರ್ಕಿಗಳಿಂದಲೇ ಕೊಳ್ಳಬೇಕೆಂದು ಅಮೆರಿಕವು 1981ರಲ್ಲಿ ನಿಯಮ ಮಾಡಿಕೊಂಡಿತ್ತು; ಮಧ್ಯಪ್ರದೇಶ, ರಾಜಸ್ಥಾನಗಳ ರೈತರು ಲೈಸೆನ್ಸು ಪಡೆದು ಬೆಳೆದ ಅಫೀಮು ಇಂದಿಗೂ ನೀಮಚ್, ಗಾಜಿಪುರಗಳ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಆ ಅಫೀಮನ್ನು ಬೆಳೆಯುವ ದೇಶದಲ್ಲಿಯೇ ಕ್ಯಾನ್ಸರಿನಿಂದ ನರಳುವವರಿಗೆ ಮಾರ್ಫೀನ್ ಸಿಕ್ಕದೆ ಹೋಗುತ್ತಿತ್ತು. 1985ರ ಮಾದಕವಸ್ತು ಕಾಯಿದೆಯು ವಿಧಿಸಿದ್ದ ಬಗೆಬಗೆಯ ಲೈಸೆನ್ಸುಗಳ ಭಯದಿಂದ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದುವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಅಮೆರಿಕದ ಅನಾಹುತವನ್ನು ತೋರಿಸಿ ನಮ್ಮ ಬಡ ರೋಗಿಗಳಿಂದ ಮಾರ್ಫೀನನ್ನು ಕಿತ್ತುಕೊಳ್ಳಬೇಕೆಂದು ಯಾರಾದರೂ ವಾದಿಸಿದರೆ ಅದು ಮಹಾ ಅನ್ಯಾಯವಾಗುತ್ತದೆ. ನೋವನ್ನು ನೀಗುವ ಮದ್ದು ದೊರೆಯಬೇಕು, ಅದು ಹೋದ ದಾರಿಯ ದಾಖಲೆಯೂ ಇರಬೇಕು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಮಾರ್ಫೀನನ್ನು ಬಳಸುತ್ತಿರುವ ರೀತಿಯೇ ಇವೆರಡೂ ಜೊತೆಯಾಗಿ ಸಾಧ್ಯವೆಂಬುದಕ್ಕೆ ಸಾಕ್ಷಿ.

ನಮ್ಮಲ್ಲಿ ಹಾನಿ ಎಷ್ಟಾಗುತ್ತಿದೆಯೆಂದು ಕೇಳಿದರೆ ಉತ್ತರ ಹೊರಡುವುದು ಕಷ್ಟ. ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಹತ್ತರಿಂದ ಎಪ್ಪತ್ತೈದು ವರ್ಷದವರಲ್ಲಿ ನೂರಕ್ಕೆ ಎರಡರಷ್ಟು ಜನ ಅಫೀಮುಜನ್ಯ ವಸ್ತುಗಳನ್ನು ಬಳಸುತ್ತಾರೆ. ಅಂದರೆ ಎರಡು ಕೋಟಿಗೂ ಮೇಲೆ. ಮಿತಿಮೀರಿದ ಸೇವನೆಯಿಂದ ಸತ್ತವರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎಣಿಸುವುದು ವರ್ಷಕ್ಕೆ ಕೆಲವು ನೂರರಷ್ಟು ಮಾತ್ರ. ಈ ಎರಡು ಸಂಖ್ಯೆಗಳನ್ನು ಎದುರುಬದುರಾಗಿ ಇಟ್ಟು ನೋಡಿದವರು ಎರಡನೆಯದನ್ನು ನಂಬಲಾರರು. ನೋಂದಣಿಯಾದ ಮರಣಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದವು ಕಾಲುಭಾಗಕ್ಕಿಂತ ಕಡಿಮೆ. ದೃಢೀಕರಿಸಿದವುಗಳಲ್ಲಿಯೂ ರಾತ್ರಿಪಾಳಿಯ ಕಿರಿಯ ವೈದ್ಯರು ಮರಣಕಾರಣವನ್ನು ಬರೆಯುವ ನಾಲ್ಕನೆಯ ನಮೂನೆಯಲ್ಲಿ ಹೃದಯ ಮತ್ತು ಉಸಿರಾಟದ ಸ್ತಂಭನವೆಂದು ಬರೆದು ಮುಗಿಸುವುದು ಸರ್ವೇಸಾಮಾನ್ಯ. ಸತ್ತವರೆಲ್ಲರ ಹೃದಯವೂ ಉಸಿರೂ ನಿಂತೇ ಇರುತ್ತವೆ. ಯಾತರಿಂದ ನಿಂತುವೆಂಬುದನ್ನೇ ಆ ನಮೂನೆ ಕೇಳುತ್ತದೆ. ಜನನ-ಮರಣ ನೋಂದಣಿ ಕಾಯಿದೆಯ 2023ರ ತಿದ್ದುಪಡಿಯು ಎಲ್ಲ ವೈದ್ಯಕೀಯ ಸಂಸ್ಥೆಗಳೂ ಮರಣಕಾರಣದ ಪತ್ರವನ್ನು ಶುಲ್ಕವಿಲ್ಲದೆ ಕೊಡಬೇಕೆಂದು ಕಡ್ಡಾಯಮಾಡಿದ್ದು ಒಳ್ಳೆಯ ಕೆಲಸ. ಬರೆಯುವವರಿಗೆ ತರಬೇತಿ ಕೊಡುವ ಕೆಲಸ ಅದರ ಜೊತೆಯಲ್ಲಿಯೇ ನಡೆಯಬೇಕು.

ಅನುಮಾನದ ಸಾವಾದರೆ ಜಿಲ್ಲಾಸ್ಪತ್ರೆಯ ಶವಾಗಾರದಲ್ಲಿ ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಉಪ್ಪಿನ ದ್ರಾವಣ ತುಂಬಿದ ಸೀಸೆಗಳಲ್ಲಿ ಹಾಕಿ, ಅರಗು ಮುದ್ರೆಯೊತ್ತಿ, ಪೊಲೀಸ್ ಪೇದೆಯ ಕೈಯಲ್ಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ವರದಿ ಬರುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಮರಣ ನೋಂದಣಿ ಮುಗಿದು, ಕಾರಣದ ಕಲಮಿನಲ್ಲಿ ಅಭಿಪ್ರಾಯ ಕಾಯ್ದಿರಿಸಿದೆಯೆಂಬ ಒಕ್ಕಣೆ ಉಳಿದಿರುತ್ತದೆ. ಬಂದ ವರದಿ ಠಾಣೆಯ ಕಡತಕ್ಕೆ ಹೋಗುತ್ತದೆ, ಅಲ್ಲಿಂದ ಶವಪರೀಕ್ಷೆ ಮಾಡಿದ ವೈದ್ಯರ ಅಂತಿಮ ಅಭಿಪ್ರಾಯಕ್ಕೆ, ಅಲ್ಲಿಂದ ನ್ಯಾಯಾಲಯಕ್ಕೆ. ಅದರ ಒಂದು ಪ್ರತಿಯನ್ನು ಜನನ-ಮರಣ ನೋಂದಣಾಧಿಕಾರಿಗೂ ಕಳುಹಿಸಿ, ಅವರು ಹಳೆಯ ನಮೂದನ್ನು ತಿದ್ದಿ ಮದ್ದಿನ ಹೆಸರನ್ನು ಬರೆದುಕೊಳ್ಳುವಂತೆ ಮಾಡುವುದಕ್ಕೆ ಹೊಸ ಯಂತ್ರವೂ ಬೇಡ, ದೊಡ್ಡ ಹಣವೂ ಬೇಡ. ಒಂದು ಸುತ್ತೋಲೆ ಸಾಕಾದೀತು.